ಕೆಲಸಕ್ಕೆ ಸ್ಕೂಟರ್ ಅಥವಾ ಬೈಕಿನಲ್ಲಿ ಹೋಗಿ ಪೆಟ್ರೋಲ್ ಉಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳನ್ನು ಬೆಂಗಳೂರಿನ ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದೇ ದಾರಿಯನ್ನು ಉದಾಹರಣೆಯಾಗಿ ಬಳಸಿದ್ದೇನೆ: ನಾಗರಬಾವಿಯ ಮನೆಯಿಂದ ಸುಮನಹಳ್ಳಿ, ಲಗ್ಗೆರೆ, ಗೊರಗುಂಟೆಪಾಳ್ಯದ ಮೂಲಕ ಪೀಣ್ಯದ ಕಾರ್ಖಾನೆಯವರೆಗೆ ಹೋಗಿ ಬರಲು ಸುಮಾರು 24 ಕಿ.ಮೀ. ಎಂದಿಟ್ಟುಕೊಳ್ಳೋಣ, ತಿಂಗಳಿಗೆ 25 ಕೆಲಸದ ದಿನಗಳೆಂದರೆ ಒಟ್ಟು 600 ಕಿ.ಮೀ. ಆಗುತ್ತದೆ. ನಿಮ್ಮ ದೂರ ಇದಕ್ಕಿಂತ ಹೆಚ್ಚೋ ಕಡಿಮೆಯೋ ಇದ್ದರೆ ಅದೇ ಪ್ರಮಾಣದಲ್ಲಿ ಅಂಕಿಗಳನ್ನು ಬದಲಿಸಿಕೊಳ್ಳಬಹುದು.

ಪ್ರಶ್ನೆ: ಕಾರು ಬಿಟ್ಟು ದ್ವಿಚಕ್ರ ವಾಹನ ಹಿಡಿದರೆ ನಿಜವಾಗಿ ಎಷ್ಟು ಉಳಿಯುತ್ತದೆ?

ಬೆಳಗಿನ ಹಾಗೂ ಸಂಜೆಯ ದಟ್ಟಣೆಯಲ್ಲಿ ಸಾಧಾರಣ ಪೆಟ್ರೋಲ್ ಕಾರು ಲೀಟರಿಗೆ 12 ಕಿ.ಮೀ. ಕೊಟ್ಟರೆ ಸಮಾಧಾನಪಡಬೇಕು. ಅದೇ ದಾರಿಯಲ್ಲಿ 110 ಸಿಸಿ ಸ್ಕೂಟರ್ 40 ಕಿ.ಮೀ. ಆಸುಪಾಸಿನಲ್ಲಿಯೂ, ಸುಸ್ಥಿತಿಯಲ್ಲಿರುವ 100 ಸಿಸಿ ಬೈಕು 60 ಕಿ.ಮೀ. ಆಸುಪಾಸಿನಲ್ಲಿಯೂ ಓಡುತ್ತದೆ. ಹಾಗಾಗಿ ನಮ್ಮ 600 ಕಿ.ಮೀ.ಗೆ ಕಾರಿಗೆ 50 ಲೀಟರ್, ಸ್ಕೂಟರಿಗೆ 15 ಲೀಟರ್, ಬೈಕಿಗೆ 10 ಲೀಟರ್ ಬೇಕಾಗುತ್ತದೆ. ಪೆಟ್ರೋಲನ್ನು ಲೀಟರಿಗೆ 103 ರೂಪಾಯಿಯಂತೆ ಹಿಡಿದರೆ ತಿಂಗಳ ಖರ್ಚು ಕ್ರಮವಾಗಿ 5,150, 1,545 ಮತ್ತು 1,030 ರೂಪಾಯಿ. ಕಾರಿನಿಂದ ಸ್ಕೂಟರಿಗೆ ಬಂದವರಿಗೆ ತಿಂಗಳಿಗೆ 3,600 ರೂಪಾಯಿ ಉಳಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಉಳಿದ 35 ಲೀಟರಿನ ಮಟ್ಟಿಗೆ ತಿಂಗಳಿಗೆ 80 ಕೆ.ಜಿ. ಹೊಗೆಯೂ ತಪ್ಪುತ್ತದೆ.

ಈ ಲೆಕ್ಕ ಒಬ್ಬರೇ ಕಾರಿನಲ್ಲಿ ಹೋಗುತ್ತಿದ್ದವರಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಅದೇ ಕಾರಿನಲ್ಲಿ ನಾಲ್ವರು ಸಹೋದ್ಯೋಗಿಗಳು ಖರ್ಚು ಹಂಚಿಕೊಂಡು ಹೋಗುತ್ತಿದ್ದರೆ ತಲೆಗೆ 12.5 ಲೀಟರ್ ಬೀಳುತ್ತದೆ; ಅಲ್ಲಿಗೆ ಒಬ್ಬೊಬ್ಬರೂ ಪ್ರತ್ಯೇಕ ಸ್ಕೂಟರ್ ತೆಗೆದುಕೊಂಡು ಹೋಗುವುದು ಉಳಿತಾಯವಲ್ಲ, ಹೆಚ್ಚುವರಿ ಖರ್ಚು.

ಪ್ರಶ್ನೆ: ನಾನು ಈಗ ಬಸ್ಸಿನಲ್ಲಿ ಅಥವಾ ಮೆಟ್ರೊದಲ್ಲಿ ಹೋಗುತ್ತಿದ್ದೇನೆ. ಸ್ಕೂಟರಿಗೆ ಬದಲಾದರೆ ಇಂಧನ ಉಳಿದಂತಾಗುತ್ತದೆಯೇ?

ಇಲ್ಲ. ನೀವು ಹತ್ತದಿದ್ದರೂ ಆ ಬಸ್ಸು ಅಷ್ಟೇ ಡೀಸೆಲ್ ಸುಡುತ್ತದೆ. ಅದರ ಮೇಲೆ ನಿಮ್ಮ 15 ಲೀಟರ್ ಪೆಟ್ರೋಲ್ ಹೊಸದಾಗಿ ಸೇರುತ್ತದೆ. ಅದರಲ್ಲೂ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಉಚಿತವಾಗಿ ಪ್ರಯಾಣಿಸುತ್ತಿರುವ ಮಹಿಳೆಯರಿಗೆ ಸ್ಕೂಟರ್ ಎಂದರೆ ಹಣದ ದೃಷ್ಟಿಯಿಂದ ಪೂರ್ತಿ ಹೊಸ ಖರ್ಚು. ಸಮಯ ಉಳಿಯುತ್ತದೆ, ರಾತ್ರಿ ಪಾಳಿ ಮುಗಿದ ಮೇಲೆ ನಿಲ್ದಾಣದಲ್ಲಿ ಕಾಯಬೇಕಿಲ್ಲ ಎಂಬ ಕಾರಣಗಳಿಗೆ ಸ್ಕೂಟರ್ ಕೊಳ್ಳುವುದು ಬೇರೆ ವಿಚಾರ. ಅವು ನ್ಯಾಯವಾದ ಕಾರಣಗಳೇ, ಆದರೆ ಅದಕ್ಕೆ ಇಂಧನ ಉಳಿತಾಯ ಎಂಬ ಹೆಸರು ಇಡುವುದು ಬೇಡ.

ಎರಡನ್ನೂ ಬೆಸೆಯುವ ದಾರಿಯೊಂದಿದೆ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಅಖಂಡವಾಗಿ ಓಡುತ್ತಿದೆ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಆರಂಭವಾಯಿತು. ಮನೆಯಿಂದ ನಿಲ್ದಾಣದವರೆಗಿನ ಮೂರು ನಾಲ್ಕು ಕಿಲೋಮೀಟರಿಗೆ ಸ್ಕೂಟರ್, ಅಲ್ಲಿಂದ ಮುಂದಕ್ಕೆ ರೈಲು ಎಂದು ಮಾಡಿಕೊಂಡರೆ ಕೆಂಗೇರಿಯ ಒಳಬಡಾವಣೆಯಲ್ಲಿರುವವರು ವೈಟ್‌ಫೀಲ್ಡಿನ ಕೆಲಸಕ್ಕೂ ತಿಂಗಳಿಗೆ ನಾಲ್ಕೈದು ಲೀಟರಿನಲ್ಲಿ ಮುಗಿಸಬಹುದು. ಆದರೆ 2025ರ ಫೆಬ್ರುವರಿಯ ದರ ಏರಿಕೆಯ ನಂತರ ಮೆಟ್ರೊದ ಗರಿಷ್ಠ ಟಿಕೆಟ್ 90 ರೂಪಾಯಿಗೆ ಮುಟ್ಟಿತು; ಆದ್ದರಿಂದ ಟಿಕೆಟ್ಟು, ನಿಲ್ದಾಣದ ಪಾರ್ಕಿಂಗ್ ಶುಲ್ಕ ಎರಡನ್ನೂ ಸೇರಿಸಿಯೇ ಕೂಡಬೇಕು. ಪೆಟ್ರೋಲ್ ಖಂಡಿತ ಉಳಿಯುತ್ತದೆ. ಹಣ ಉಳಿಯುತ್ತದೆಯೇ ಎಂಬುದು ದೂರವನ್ನು ಅವಲಂಬಿಸಿದೆ.

ಪ್ರಶ್ನೆ: ಪೆಟ್ರೋಲ್ ಉಳಿಸುವ ಸಲುವಾಗಿಯೇ ಹೊಸ ಸ್ಕೂಟರ್ ಕೊಳ್ಳಬಹುದೇ?

ಮೂಗಿಗಿಂತ ಮೂಗುತಿ ಭಾರ ಆಗದಂತೆ ನೋಡಿಕೊಳ್ಳಬೇಕು. ರಸ್ತೆಗಿಳಿಯುವಾಗ ಒಂದು ಲಕ್ಷ ರೂಪಾಯಿ ತಗಲುವ ಸ್ಕೂಟರಿನ ಬೆಲೆ, ತಿಂಗಳಿಗೆ 3,600 ರೂಪಾಯಿಯ ಉಳಿತಾಯದಿಂದ ಹಿಂದಿರುಗಲು 28 ತಿಂಗಳು ಬೇಕು. ಸರ್ವಿಸ್, ಟಯರು, ವಿಮೆ, ಸಾಲದ ಬಡ್ಡಿ ಸೇರಿದರೆ ಮೂರು ವರ್ಷ ದಾಟುತ್ತದೆ. ಕಾರು ಮನೆಯಲ್ಲಿಯೇ ಉಳಿದರೆ ಅದರ ವಿಮೆಯೂ ನಡೆಯುತ್ತಲೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದದ್ದು ಸ್ವಲ್ಪ ನೆರವಾಗಿದೆ.

ನನ್ನ ಸಲಹೆ ಕೇಳುವುದಾದರೆ, ಮನೆಯಲ್ಲಿ ಧೂಳು ಹಿಡಿದು ನಿಂತಿರುವ ಗಾಡಿ ಯಾವುದಾದರೂ ಇದ್ದರೆ ಮೊದಲು ಅದನ್ನೇ ಸರಿಮಾಡಿಸಿ ಮೂರು ತಿಂಗಳು ಓಡಿಸಿ ನೋಡಿ. ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ದಿನಕ್ಕೆ ಎರಡು ಬಾರಿ ಆ ರಸ್ತೆಯಲ್ಲಿ ಗಾಡಿ ಓಡಿಸುವುದು ನಿಮ್ಮ ಬೆನ್ನಿಗೂ ಮನಸ್ಸಿಗೂ ಒಗ್ಗುತ್ತದೆಯೇ ಎಂಬುದು ಶೋರೂಮಿನಲ್ಲಿ ತಿಳಿಯುವುದಿಲ್ಲ. ಬಳಸಿದ ಗಾಡಿ ಕೊಳ್ಳುವುದಾದರೆ ನೋಂದಣಿಯಾಗಿ 15 ವರ್ಷವಾದ ಮೇಲೆ ಅದನ್ನು ನವೀಕರಿಸಬೇಕಾಗುತ್ತದೆ ಎಂಬುದು ನೆನಪಿರಲಿ. ಹದಿಮೂರು ಹದಿನಾಲ್ಕು ವರ್ಷದ ಗಾಡಿ ಅಗ್ಗಕ್ಕೆ ಸಿಗುವುದರ ಹಿಂದೆ ಆ ಕಾರಣವೂ ಇರಬಹುದು.

ಪ್ರಶ್ನೆ: ಗೇರ್ ಇರುವ ಬೈಕಿಗೂ ಸ್ಕೂಟರಿಗೂ ಮೈಲೇಜಿನಲ್ಲಿ ಇಷ್ಟು ವ್ಯತ್ಯಾಸ ಏಕೆ?

ಎಂಜಿನ್ನಿನ ಗಾತ್ರ ಹೆಚ್ಚು ಕಡಿಮೆ ಒಂದೇ ಆದರೂ ಶಕ್ತಿ ಚಕ್ರಕ್ಕೆ ತಲುಪುವ ದಾರಿ ಬೇರೆ. ಬೈಕಿನಲ್ಲಿ ಗೇರು ಮತ್ತು ಚೈನು ಶಕ್ತಿಯನ್ನು ಬಹಳ ಕಡಿಮೆ ನಷ್ಟದಲ್ಲಿ ಸಾಗಿಸುತ್ತವೆ. ಸ್ಕೂಟರಿನಲ್ಲಿ ಎರಡು ಪುಲ್ಲಿಗಳ ನಡುವೆ ರಬ್ಬರ್ ಬೆಲ್ಟ್ ಓಡುತ್ತದೆ. ವೇಗಕ್ಕೆ ತಕ್ಕಂತೆ ಒಳಗಿನ ರೋಲರುಗಳು ಸರಿದು ಪುಲ್ಲಿಯ ಅಗಲ ಬದಲಾಗುತ್ತದೆ. ಎಡಗೈಗೆ ಕ್ಲಚ್ಚಿನ, ಎಡಗಾಲಿಗೆ ಗೇರಿನ ಕೆಲಸವಿಲ್ಲದ ಈ ಸುಖಕ್ಕೆ ಬೆಲೆಯೆಂದರೆ ಬೆಲ್ಟಿನ ಜಾರಿಕೆ ಮತ್ತು ಶಾಖವಾಗಿ ಕಳೆದುಹೋಗುವ ಶಕ್ತಿ. ಇದಲ್ಲದೆ ಸ್ಕೂಟರಿನ ಚಕ್ರಗಳು ಚಿಕ್ಕವು, ಗುಂಡಿ ಬಿದ್ದ ರಸ್ತೆಯಲ್ಲಿ ಅವು ಹೆಚ್ಚು ಹೊಡೆತ ತಿನ್ನುತ್ತವೆ.

ಹಾಗೆಂದು ಎಲ್ಲರೂ 100 ಸಿಸಿ ಬೈಕನ್ನೇ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಲೆಕ್ಕದಲ್ಲಿ ಇವೆರಡರ ನಡುವಿನ ಅಂತರ ತಿಂಗಳಿಗೆ ಐದು ಲೀಟರ್ ಮಾತ್ರ. ಸೀರೆ ಉಡುವವರು, ಊಟದ ಡಬ್ಬಿ, ಲ್ಯಾಪ್‌ಟಾಪ್, ಸಂಜೆಯ ತರಕಾರಿ ಎಲ್ಲವನ್ನೂ ಹೊರುವವರು, ಮೊಣಕಾಲು ನೋವಿರುವವರು ಆ ಐದು ಲೀಟರನ್ನು ಸಂತೋಷದಿಂದ ತೆರಬಹುದು. ಇನ್ನು 200 ಸಿಸಿ, 350 ಸಿಸಿ ಬೈಕುಗಳನ್ನು ಇಂಧನ ಉಳಿತಾಯದ ಚರ್ಚೆಗೆ ತರದಿರುವುದೇ ಲೇಸು.

ಪ್ರಶ್ನೆ: ಕಂಪನಿ ಹೇಳಿದ ಮೈಲೇಜ್ ನನಗೆ ಏಕೆ ಬರುವುದಿಲ್ಲ?

ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ, ನಿಗದಿತ ವೇಗದ ಆವರ್ತದಲ್ಲಿ, ಗುಂಡಿ, ಉಬ್ಬು, ಎದುರುಗಾಳಿ ಯಾವುದೂ ಇಲ್ಲದೆ ಬಂದ ಅಂಕಿ ಅದು. ಎರಡು ಗಾಡಿಗಳನ್ನು ಹೋಲಿಸಲು ಉಪಯುಕ್ತ, ತಿಂಗಳ ಖರ್ಚನ್ನು ಅಂದಾಜಿಸಲು ಅಲ್ಲ. ಸುಂಕದಕಟ್ಟೆಯ ಸಿಗ್ನಲ್ ಯಾವ ಪ್ರಯೋಗಾಲಯದಲ್ಲಿಯೂ ಇಲ್ಲ.

ಪ್ರಶ್ನೆ: ಹಾಗಾದರೆ ನನ್ನ ಗಾಡಿಯ ನಿಜವಾದ ಮೈಲೇಜನ್ನು ಅಳೆಯುವುದು ಹೇಗೆ?

ಟ್ಯಾಂಕ್ ಫುಲ್ ಮಾಡಿಸಿ, ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಎಂದಿನಂತೆ ಓಡಿಸಿ, ಕನಿಷ್ಠ 150 ಕಿ.ಮೀ. ಆದ ಮೇಲೆ ಸಾಧ್ಯವಾದರೆ ಅದೇ ಬಂಕಿನಲ್ಲಿ, ಗಾಡಿಯನ್ನು ಅದೇ ರೀತಿ ನಡು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ. ಓಡಿದ ದೂರವನ್ನು ಎರಡನೆಯ ಬಾರಿ ಹಿಡಿದ ಲೀಟರಿನಿಂದ ಭಾಗಿಸಿದರೆ ಬರುವುದೇ ನಿಮ್ಮ ಮೈಲೇಜ್. ಒಂದು ಸಲದ ಅಂಕಿಯನ್ನು ನಂಬಬೇಡಿ. ಮೂರು ಸಲದ ಸರಾಸರಿ ತೆಗೆಯಿರಿ. ಟ್ಯಾಂಕಿನ ಬಾಯಿಯವರೆಗೆ ತುಳುಕುವಂತೆ ತುಂಬಿಸುವುದು ಬೇಡ, ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಜಾಗ ಇರಬೇಕು.

‘ನೂರು ರೂಪಾಯಿಗೆ ಹಾಕಿಸಿದೆ, ಎರಡು ದಿನ ಬಂತು’ ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ನಾನು ಸೀಟಿನ ಕೆಳಗೆ ಒಂದು ಚಿಕ್ಕ ಪುಸ್ತಕ, ಪೆನ್ಸಿಲು ಇಟ್ಟುಕೊಂಡು ವರ್ಷಗಳಿಂದ ಬರೆಯುತ್ತ ಬಂದಿದ್ದೇನೆ. ಒಂದು ಸಲ ಮೈಲೇಜ್ 44ರಿಂದ 37ಕ್ಕೆ ಇಳಿದದ್ದು ಆ ಪುಸ್ತಕದಿಂದಲೇ ಗೊತ್ತಾಯಿತು. ಹಿಂದಿನ ಬ್ರೇಕನ್ನು ಬಿಗಿಗೊಳಿಸಿದ್ದ ಮೆಕ್ಯಾನಿಕ್ ಒಂದು ಸುತ್ತು ಹೆಚ್ಚು ತಿರುಗಿಸಿದ್ದ; ಚಕ್ರ ಸದಾ ಬ್ರೇಕನ್ನು ಉಜ್ಜಿಕೊಂಡೇ ತಿರುಗುತ್ತಿತ್ತು. ಓಡಿಸುವಾಗ ಅದು ನನ್ನ ಅರಿವಿಗೆ ಬಂದಿರಲೇ ಇಲ್ಲ.

ಪ್ರಶ್ನೆ: ಯಾವ ವೇಗದಲ್ಲಿ ಹೋದರೆ ಹೆಚ್ಚು ಮೈಲೇಜ್ ಸಿಗುತ್ತದೆ?

ಬಹುತೇಕ 100 ರಿಂದ 125 ಸಿಸಿ ಗಾಡಿಗಳಿಗೆ ಗಂಟೆಗೆ 40 ರಿಂದ 50 ಕಿ.ಮೀ. ವೇಗ ಹಿತಕರ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ 40ರ ವೇಗದಿಂದ 60ಕ್ಕೆ ಏರಿದಾಗ ವೇಗ ಒಂದೂವರೆ ಪಟ್ಟಾದರೂ ಗಾಳಿ ಹಿಂದಕ್ಕೆ ತಳ್ಳುವ ಬಲ ಎರಡೂಕಾಲು ಪಟ್ಟಾಗುತ್ತದೆ. ಗಾಜು, ಮುಚ್ಚಳ ಯಾವುದೂ ಇಲ್ಲದೆ ಎದೆಯೊಡ್ಡಿ ಕುಳಿತಿರುವ ಸವಾರನೇ ಇಲ್ಲಿ ಗಾಳಿಗೆ ಅಡ್ಡ ಕಟ್ಟಿದ ಗೋಡೆ.

ಆದರೆ ನಗರದೊಳಗೆ ಮೈಲೇಜನ್ನು ಕೆಡಿಸುವುದು ಈ ವೇಗಕ್ಕಿಂತ ಹೆಚ್ಚಾಗಿ ವೇಗದ ಏರಿಳಿತ. ಮುಂದಿನ ಸಿಗ್ನಲ್ ಕೆಂಪಾಗಿರುವುದು ಕಣ್ಣಿಗೆ ಕಾಣುತ್ತಿದ್ದರೂ ಆಕ್ಸಿಲರೇಟರ್ ತಿರುಚಿ ಧಾವಿಸಿ, ಅಲ್ಲಿ ಬ್ರೇಕ್ ಒತ್ತಿ ನಿಲ್ಲುವವನು, ಪೆಟ್ರೋಲಿನಿಂದ ಗಳಿಸಿದ ವೇಗವನ್ನೆಲ್ಲ ಬ್ರೇಕ್ ಲೈನರಿನಲ್ಲಿ ಬಿಸಿಯಾಗಿ ಕಳೆದುಕೊಳ್ಳುತ್ತಾನೆ. ನೂರು ಮೀಟರ್ ಮುಂಚಿತವಾಗಿಯೇ ಕೈ ಸಡಿಲಿಸಿ ಗಾಡಿಯನ್ನು ತನ್ನಷ್ಟಕ್ಕೆ ತೇಲಲು ಬಿಟ್ಟರೆ, ಅನೇಕ ಸಲ ನಿಲ್ಲುವ ಮೊದಲೇ ಹಸಿರು ಬಂದಿರುತ್ತದೆ. ಬೈಕಿನಲ್ಲಿ ಎಂಜಿನ್ ನರಳದಂತೆ ಆದಷ್ಟು ಬೇಗ ಮೇಲಿನ ಗೇರಿಗೆ ಹೋಗುವುದು, ಕ್ಲಚ್ಚನ್ನು ಅರ್ಧ ಹಿಡಿದೇ ಓಡಿಸುವ ಚಾಳಿ ಬಿಡುವುದು, ಬಲಗೈಯನ್ನು ನಿಧಾನವಾಗಿ ತಿರುಗಿಸುವುದು: ಈ ಅಭ್ಯಾಸಗಳು ಬಂದರೆ ಹಳೆಯ ಗಾಡಿಯೂ ಹೊಸ ಅಂಕಿ ತೋರಿಸುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲದಿರುವುದರಿಂದಲೋ ಏನೋ, ಜನ ಇದನ್ನು ಕೊನೆಯಲ್ಲಿ ಪ್ರಯತ್ನಿಸುತ್ತಾರೆ.

ಪ್ರಶ್ನೆ: ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಬೇಕೇ? ಮತ್ತೆ ಸ್ಟಾರ್ಟ್ ಮಾಡಲು ಹೆಚ್ಚು ಪೆಟ್ರೋಲ್ ಬೇಕಲ್ಲವೇ?

ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದರೆ ಆಫ್ ಮಾಡುವುದು ಒಳ್ಳೆಯದು. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ, ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಷನ್ ಬಂದಿದೆ. ಬಿಸಿಯಾಗಿರುವ ಇಂಜೆಕ್ಷನ್ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಬೇಕಾಗುವ ಪೆಟ್ರೋಲ್ ಅತ್ಯಲ್ಪ. ಕೆಲವು ಗಾಡಿಗಳು ತಾವಾಗಿಯೇ ನಿಂತು, ಆಕ್ಸಿಲರೇಟರ್ ಅಥವಾ ಕ್ಲಚ್ ಮುಟ್ಟಿದೊಡನೆ ಚಾಲೂ ಆಗುವ ವ್ಯವಸ್ಥೆಯನ್ನೂ ಹೊಂದಿವೆ. ಬ್ಯಾಟರಿ ದುರ್ಬಲವಾಗಿದ್ದರೆ ಮಾತ್ರ ಈ ಸಾಹಸ ಬೇಡ. ಹಸಿರು ದೀಪ ಬಿದ್ದಾಗ ಹಿಂದಿನವರ ಹಾರನ್ ಕೇಳುತ್ತ ಕಿಕ್ ಹೊಡೆಯುವ ಪರಿಸ್ಥಿತಿ ಯಾರಿಗೂ ಬಾರದಿರಲಿ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ, ಅಥವಾ ಕೀಲಿ ಆಫ್ ಮಾಡಿ ಇಳಿಯುವುದು ಸರಿಯೇ?

ಸರಿಯಲ್ಲ. ಇಂಜೆಕ್ಷನ್ ಗಾಡಿಯನ್ನು ಗೇರಿನಲ್ಲಿಯೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಚಕ್ರವೇ ಎಂಜಿನ್ನನ್ನು ತಿರುಗಿಸುವುದರಿಂದ ಸಾಮಾನ್ಯವಾಗಿ ಪೆಟ್ರೋಲ್ ಸಿಂಪಡಣೆ ನಿಂತುಹೋಗುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತನ್ನನ್ನು ತಾನು ಉಳಿಸಿಕೊಳ್ಳಲು ಪೆಟ್ರೋಲ್ ಕುಡಿಯಲೇಬೇಕು. ಕೀಲಿ ಆಫ್ ಮಾಡುವುದಂತೂ ಅಪಾಯ, ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುವುದಿಲ್ಲ, ಬ್ರೇಕ್ ದೀಪ ಉರಿಯುವುದಿಲ್ಲ.

ಪ್ರಶ್ನೆ: ಮೈಲೇಜಿಗಾಗಿ ನಾನು ಮಾಡಬಹುದಾದ ಅತಿ ಮುಖ್ಯವಾದ ಕೆಲಸ ಯಾವುದು?

ವಾರಕ್ಕೊಮ್ಮೆ ಗಾಳಿ ಹೊಡೆಸುವುದು. ಗಾಳಿ ಕಡಿಮೆಯಾದ ಟಯರು ನೆಲಕ್ಕೆ ಹೆಚ್ಚು ಅಂಟಿಕೊಂಡು, ಪ್ರತಿ ಸುತ್ತಿನಲ್ಲಿಯೂ ಬಾಗಿ ನೆಟ್ಟಗಾಗುತ್ತ ಶಕ್ತಿಯನ್ನು ತಿನ್ನುತ್ತದೆ. ಅನೇಕ 110 ಸಿಸಿ ಸ್ಕೂಟರುಗಳಿಗೆ ಮುಂದೆ 22, ಹಿಂದೆ 29 ಪಿಎಸ್‌ಐ ಎಂದಿರುತ್ತದೆ, ಹಿಂದೆ ಒಬ್ಬರು ಕುಳಿತರೆ ಹಿಂದಿನ ಚಕ್ರಕ್ಕೆ ಇನ್ನೂ ಹೆಚ್ಚು ಬೇಕು. ನಿಮ್ಮ ಗಾಡಿಯ ಅಂಕಿ ಅದರ ಕೈಪಿಡಿಯಲ್ಲಿ ಅಥವಾ ಗಾಡಿಗೇ ಅಂಟಿಸಿರುವ ಚೀಟಿಯಲ್ಲಿ ಇರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ‘ಎರಡಕ್ಕೂ ಮೂವತ್ತು ಹಾಕಿ’ ಎನ್ನುವ ರೂಢಿ ತಪ್ಪು. ಮುಂದಿನ ಚಕ್ರ ಕಲ್ಲಿನಂತಾಗಿ ಮಳೆಯಲ್ಲಿ ಜಾರುತ್ತದೆ. ಟಯರು ತಣ್ಣಗಿರುವಾಗ, ಮನೆಗೆ ಹತ್ತಿರದ ಬಂಕಿನಲ್ಲಿ, ಬೆಳಗ್ಗೆ ಹೋಗುವಾಗಲೇ ನೋಡಿಸಿಕೊಳ್ಳುವುದು ಉತ್ತಮ.

ಅದಾದ ಮೇಲೆ ಬೈಕಿನ ಚೈನು. ಒಣಗಿ ತುಕ್ಕು ಹಿಡಿದ, ಇಲ್ಲವೇ ಅತಿ ಬಿಗಿಯಾದ ಚೈನು ಸದ್ದಿಲ್ಲದೆ ಮೈಲೇಜ್ ಕದಿಯುತ್ತದೆ. ಸುಮಾರು 500 ಕಿ.ಮೀ.ಗೊಮ್ಮೆ ಒರೆಸಿ ಎಣ್ಣೆ ಹಾಕಬೇಕು, ಮಳೆಗಾಲದಲ್ಲಿ ಇನ್ನೂ ಬೇಗ. ಪೀಣ್ಯದಂತಹ ಧೂಳಿನ ಜಾಗದಲ್ಲಿ ಏರ್ ಫಿಲ್ಟರನ್ನು ಕೈಪಿಡಿ ಹೇಳಿದ್ದಕ್ಕಿಂತ ಮೊದಲೇ ಬದಲಿಸಬೇಕಾಗುತ್ತದೆ. ಎಂಜಿನ್ ಆಯಿಲನ್ನು ಕಂಪನಿ ಸೂಚಿಸಿದ ದರ್ಜೆಯಲ್ಲಿಯೇ ಹಾಕಿಸಬೇಕು. ಬೈಕಿನ ಕ್ಲಚ್ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ ಅದಕ್ಕೆ ಎಂಎ ಎಂಬ ಗುರುತಿನ ಆಯಿಲ್ ಬೇಕು, ಸ್ಕೂಟರಿಗೆ ಎಂಬಿ ಗುರುತಿನದು. ಸ್ಕೂಟರ್ ಆಯಿಲನ್ನು ಬೈಕಿಗೆ ಹಾಕಿದರೆ ಕ್ಲಚ್ ಜಾರತೊಡಗಬಹುದು.

ಪ್ರಶ್ನೆ: ಎಥೆನಾಲ್ ಬೆರೆಸಿದ ಪೆಟ್ರೋಲಿನಿಂದ ಮೈಲೇಜ್ ಕಡಿಮೆಯಾಗಿದೆ ಎಂಬುದು ನಿಜವೇ?

ನಿಜ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು. ಶೇಕಡಾ 20 ಎಥೆನಾಲ್ ಬೆರೆತಾಗ ಲೀಟರಿನ ಒಟ್ಟು ಶಕ್ತಿ ಶೇಕಡಾ ಆರೇಳರಷ್ಟು ಇಳಿಯುತ್ತದೆ. ಎಂಜಿನ್ ಈ ಮಿಶ್ರಣಕ್ಕೆ ಹೊಂದಿಕೊಂಡಿದ್ದರೆ ನಷ್ಟ ಸ್ವಲ್ಪ ಕಡಿಮೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥೆನಾಲ್ ಮಾರ್ಗಸೂಚಿಯು ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ ಶೇಕಡಾ 3 ರಿಂದ 4ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ಎಂದರೆ 45 ಕೊಡುತ್ತಿದ್ದ ಸ್ಕೂಟರ್ 43 ಕೊಡಬಹುದು. ನಿಮ್ಮದು 45ರಿಂದ 35ಕ್ಕೆ ಇಳಿದಿದ್ದರೆ ಎಥೆನಾಲನ್ನು ದೂರುವ ಮೊದಲು ಗಾಳಿ, ಬ್ರೇಕು, ಫಿಲ್ಟರು ನೋಡಿ.

ಹಳೆಯ ಕಾರ್ಬ್ಯುರೇಟರ್ ಗಾಡಿಗಳ ಚಿಂತೆ ಬೇರೆ. ಎಥೆನಾಲ್ ಹಳೆಯ ರಬ್ಬರ್ ನಳಿಕೆಗಳನ್ನು, ಸೀಲುಗಳನ್ನು ಮೆತ್ತಗಾಗಿಸಬಹುದು. ತೇವವನ್ನು ಹೀರಿಕೊಳ್ಳುವ ಗುಣವೂ ಅದಕ್ಕಿದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಸೇರಿದ ಪದರ ಕುಳಿತು ಸ್ಟಾರ್ಟ್ ಆಗದಿರುವುದುಂಟು. ದಿನವೂ ಓಡಿಸುವವರಿಗೆ ಈ ತೊಂದರೆ ಅಪರೂಪ.

ಪ್ರಶ್ನೆ: 100 ರೂಪಾಯಿಯ ಬದಲು 110 ರೂಪಾಯಿಗೆ ಹಾಕಿಸಬೇಕು, ಬೆಳಗಿನ ತಂಪಿನಲ್ಲಿ ಹಾಕಿಸಬೇಕು, ‘ಪವರ್’ ಪೆಟ್ರೋಲ್ ಹಾಕಿಸಬೇಕು ಎನ್ನುತ್ತಾರಲ್ಲ?

ಮೊದಲನೆಯದು ನಂಬಿಕೆ. ಮೀಟರು ಅಳೆಯುವುದು ಲೀಟರನ್ನು, ದುಂಡು ಮೊತ್ತವನ್ನಲ್ಲ. ಮೀಟರಿನಲ್ಲಿ ಸೊನ್ನೆ ಇರುವುದನ್ನು ನೋಡಿ ಹಾಕಿಸಿಕೊಳ್ಳುವುದು 110ರ ಮಂತ್ರಕ್ಕಿಂತ ಹೆಚ್ಚು ಫಲಕಾರಿ. ಎರಡನೆಯದರಲ್ಲಿ ತತ್ವ ಸರಿ, ಲಾಭ ಮಾತ್ರ ಇಲ್ಲ. ಪೆಟ್ರೋಲ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸಾವಿರದಲ್ಲೊಂದು ಪಾಲಿನಷ್ಟು ಹಿಗ್ಗುವುದು ನಿಜವಾದರೂ, ಬಂಕಿನ ಟ್ಯಾಂಕು ನೆಲದೊಳಗಿರುವುದರಿಂದ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿನ ಉಷ್ಣಾಂಶ ಹೆಚ್ಚೇನೂ ಬದಲಾಗುವುದಿಲ್ಲ. ಇನ್ನು ಹೆಚ್ಚು ಆಕ್ಟೇನ್‌ನ ದುಬಾರಿ ಪೆಟ್ರೋಲನ್ನು ಅದಕ್ಕೆಂದೇ ರೂಪಿಸಿದ ದೊಡ್ಡ ಎಂಜಿನ್ನುಗಳು ಬಳಸಿಕೊಳ್ಳಬಲ್ಲವು. ಸಾಮಾನ್ಯ ಪೆಟ್ರೋಲಿಗಾಗಿ ತಯಾರಾದ 100 ಸಿಸಿ ಗಾಡಿಗೆ ಅದನ್ನು ಹಾಕುವುದು ಹಣ ದಂಡ.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಂಡರೆ ಈ ಪ್ರಶ್ನೆಗಳೆಲ್ಲ ಮುಗಿದವಲ್ಲವೇ?

ಪೆಟ್ರೋಲಿನ ಪ್ರಶ್ನೆಗಳು ಮುಗಿಯುತ್ತವೆ, ಬೇರೆ ಕೆಲವು ಹುಟ್ಟುತ್ತವೆ. ನಗರದಲ್ಲಿ ಎಲೆಕ್ಟ್ರಿಕ್ ಸ್ಕೂಟರಿಗೆ ಚಾರ್ಜಿಂಗ್ ನಷ್ಟವೂ ಸೇರಿ ಕಿಲೋಮೀಟರಿಗೆ ಸುಮಾರು 35 ವ್ಯಾಟ್-ಗಂಟೆ (ಸಾವಿರ ವ್ಯಾಟ್-ಗಂಟೆ ಎಂದರೆ ಒಂದು ಯೂನಿಟ್) ಹಿಡಿದರೆ ನಮ್ಮ 600 ಕಿ.ಮೀ.ಗೆ 21 ಯೂನಿಟ್ ವಿದ್ಯುತ್ ಸಾಕು. ಯೂನಿಟ್ಟಿಗೆ ಆರು ರೂಪಾಯಿಯಂತೆ ಅದು 126 ರೂಪಾಯಿ. ಪೆಟ್ರೋಲ್ ಸ್ಕೂಟರಿನ 1,545 ರೂಪಾಯಿಯ ಪಕ್ಕದಲ್ಲಿಟ್ಟು ನೋಡಿ. ಸಿಗ್ನಲ್‌ನಲ್ಲಿ ನಿಂತಾಗ ಮೋಟಾರು ಏನನ್ನೂ ತಿನ್ನುವುದಿಲ್ಲ, ಬ್ರೇಕ್ ಹಿಡಿದಾಗ ಸ್ವಲ್ಪ ಶಕ್ತಿ ಬ್ಯಾಟರಿಗೆ ಹಿಂದಿರುಗುತ್ತದೆ. ಪೆಟ್ರೋಲ್ ಗಾಡಿಯ ಮೈಲೇಜನ್ನು ಕೊಲ್ಲುವ ದಟ್ಟಣೆಯೇ ಇದಕ್ಕೆ ಅನುಕೂಲ. ಪೆಟ್ರೋಲ್ ಸ್ಕೂಟರಿಗಿಂತ 30,000 ರೂಪಾಯಿ ಹೆಚ್ಚು ಕೊಟ್ಟರೂ ಆ ಹೆಚ್ಚುವರಿ ಮೊತ್ತ ಎರಡು ವರ್ಷದೊಳಗೆ ಹಿಂದಿರುಗುತ್ತದೆ.

ಚಾರ್ಜ್ ಮಾಡುವುದು ಎಲ್ಲಿ ಎಂಬುದೇ ಮೊದಲ ಪ್ರಶ್ನೆ. ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿರುವವರು, ನೆಲಮಹಡಿಯಲ್ಲಿ ಪ್ಲಗ್ ಹಾಕಿಸಲು ಮಾಲೀಕರ ಒಪ್ಪಿಗೆ ಸಿಗದವರು, ಮುಂಗಡ ಕಟ್ಟುವ ಮೊದಲೇ ಅದನ್ನು ಬಗೆಹರಿಸಿಕೊಳ್ಳಬೇಕು. ಎರಡನೆಯದು ಗೃಹಜ್ಯೋತಿ. ಆ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಅರ್ಹ ಯೂನಿಟ್ಟುಗಳು ನಿಗದಿಯಾಗಿರುತ್ತವೆ. ಅದಕ್ಕಿಂತ ಹೆಚ್ಚು ಬಳಸಿದಷ್ಟಕ್ಕೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗಾಗಲೇ 185 ಯೂನಿಟ್ ಬಳಸುತ್ತಿರುವ ಮನೆಗೆ ಸ್ಕೂಟರಿನ 21 ಯೂನಿಟ್ ಸೇರಿದರೆ, ಸ್ಕೂಟರಿನ 126 ರೂಪಾಯಿಯಷ್ಟೇ ಅಲ್ಲ, ಸಾವಿರಕ್ಕೂ ಮೀರಿದ ಬಿಲ್ ಬಂದು ಕುಳಿತುಕೊಳ್ಳುತ್ತದೆ. ಸ್ಕೂಟರ್ ಮಾರುವವರು ಇದನ್ನು ಹೇಳುವುದನ್ನು ನಾನು ಕೇಳಿಲ್ಲ. ಮೂರನೆಯದು ಬ್ಯಾಟರಿ, ಅದರ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಸಾಮರ್ಥ್ಯ ಎಷ್ಟಕ್ಕೆ ಕುಸಿದರೆ ಬದಲಿಸಿಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಸಿಎನ್‌ಜಿ ಬೈಕು ಹೇಗೆ?

ಬಜಾಜ್ ಕಂಪನಿ 2024ರ ಜುಲೈನಲ್ಲಿ ಬಿಡುಗಡೆ ಮಾಡಿದ ಫ್ರೀಡಂ 125ರಲ್ಲಿ ಎರಡು ಕೆ.ಜಿ. ಸಿಎನ್‌ಜಿ, ಎರಡು ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ನಿಮ್ಮ ದಾರಿಯಲ್ಲಿ ಸಿಎನ್‌ಜಿ ಬಂಕ್ ಇದ್ದು, ಅಲ್ಲಿ ಆಟೋಗಳ ಸಾಲು ಚಿಕ್ಕದಾಗಿದ್ದರೆ ಯೋಚಿಸಬಹುದು.

ಪ್ರಶ್ನೆ: ಮಳೆಗಾಲದಲ್ಲಿ ಏನು ಮಾಡುವುದು?

ಒಳ್ಳೆಯ ಮಳೆ ಕೋಟಿಗೆ, ಶೂ ಕವರಿಗೆ ಒಂದು ತಿಂಗಳ ಉಳಿತಾಯವನ್ನು ಖರ್ಚು ಮಾಡಿ. ಸಿಗ್ನಲ್ ಬದಿಯಲ್ಲಿ ಮಾರುವ ತೆಳು ಪ್ಲಾಸ್ಟಿಕ್ ಎರಡನೆಯ ಮಳೆಗೇ ಹರಿಯುತ್ತದೆ. ಬೆಂಗಳೂರಿನಲ್ಲಿ ಕಷ್ಟ ಕೊಡುವುದು ಜೂನ್ ತಿಂಗಳ ತುಂತುರಲ್ಲ, ಏಪ್ರಿಲ್, ಮೇ ಹಾಗೂ ಸೆಪ್ಟೆಂಬರ್, ಅಕ್ಟೋಬರಿನ ಸಂಜೆಯ ಜಡಿಮಳೆ. ಅದೂ ಸರಿಯಾಗಿ ಕೆಲಸ ಬಿಡುವ ಹೊತ್ತಿಗೆ. ಅರ್ಧ ಗಂಟೆ ಕಾದು ಹೊರಡುವುದು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನೀರು ನಿಂತ ಕೆಳಸೇತುವೆಗೆ ಯಾವ ಕಾರಣಕ್ಕೂ ಇಳಿಯಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರೊಂದು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡದ್ದು ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿ. ನೀರಿನಡಿಯ ಗುಂಡಿ ಕಾಣದಿರುವಾಗ ಎರಡು ಚಕ್ರದ ಗಾಡಿಗೆ ಮೊಣಕಾಲುದ್ದ ನೀರೂ ಹೆಚ್ಚೇ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮೂರು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಸ್ಕೂಟರಿನಲ್ಲೇ ಕೆಲಸಕ್ಕೆ ಹೋಗುವವರಿಗೆ ಈ ಸಲಹೆ ಕೊಡಲು ನನಗೆ ಸಂಕೋಚವಾಗುತ್ತದೆ. ಅವರೇ ನಮಗೆ ಹೇಳಿಕೊಡಬೇಕಾದವರು.

ಪ್ರಶ್ನೆ: ಒಂದೇ ದಾರಿಯ ಸಹೋದ್ಯೋಗಿಯನ್ನು ಹಿಂದೆ ಕೂರಿಸಿಕೊಂಡು ಹೋಗಬಹುದೇ?

ಪೆಟ್ರೋಲ್ ಉಳಿತಾಯದಲ್ಲಿ ಇದಕ್ಕೆ ಸಾಟಿ ಇಲ್ಲ. ಮೈಲೇಜ್ ಸ್ವಲ್ಪ ಇಳಿದರೂ ತಲೆಗೆ ಬೀಳುವ ಪೆಟ್ರೋಲ್ ಹೆಚ್ಚು ಕಡಿಮೆ ಅರ್ಧವಾಗುತ್ತದೆ; 100 ಸಿಸಿ ಬೈಕಿನಲ್ಲಿ ಇಬ್ಬರು ಹೋದರೆ ನಮ್ಮ ಉದಾಹರಣೆಯಲ್ಲಿ ಒಬ್ಬೊಬ್ಬರ ಪಾಲು ತಿಂಗಳಿಗೆ ಐದಾರು ಲೀಟರ್. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಮೂವರು ಕೂರುವುದು ಕಾನೂನುಬಾಹಿರ, ಎಷ್ಟು ಹತ್ತಿರದ ದಾರಿಯಾದರೂ.

ಪ್ರಶ್ನೆ: ಮಗುವನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುತ್ತೇನೆ. ನಿಯಮ ಏನಿದೆ?

ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ಹೊರಡಿಸಿದ ನಿಯಮದ ಪ್ರಕಾರ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ, ಅವರನ್ನು ಸವಾರರಿಗೆ ಕಟ್ಟುವ ಸುರಕ್ಷಾ ಪಟ್ಟಿ ಮತ್ತು ಅಳತೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವುದು ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ದೃಶ್ಯ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಮಗುವಿನ ಮುಖಕ್ಕೆ ಎದುರಾಗುವುದು ಹ್ಯಾಂಡಲ್ಲು ಎಂಬುದನ್ನು ಒಮ್ಮೆ ಕಲ್ಪಿಸಿಕೊಂಡರೆ ಸಾಕು.

ಪ್ರಶ್ನೆ: ಕಾರಿಗಿಂತ ಇದು ಅಪಾಯಕಾರಿ ಅಲ್ಲವೇ?

ಹೌದು, ಅದರಲ್ಲಿ ಮುಚ್ಚುಮರೆ ಇಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ತಿಂಗಳಿಗೆ 3,600 ರೂಪಾಯಿ ಉಳಿಸುವವರು ಇದನ್ನು ತಿಳಿದೇ ಆಯ್ಕೆ ಮಾಡಿಕೊಳ್ಳಬೇಕು. ಐಎಸ್‌ಐ ಗುರುತಿನ, ಕೆನ್ನೆ ಗದ್ದವನ್ನೂ ಮುಚ್ಚುವ ಹೆಲ್ಮೆಟ್ಟನ್ನು ಪಟ್ಟಿ ಬಿಗಿದು ಧರಿಸಬೇಕು. ಪೊಲೀಸರ ಕಣ್ಣಿಗಾಗಿ ತಲೆಯ ಮೇಲೆ ಇಡುವ ಅರ್ಧ ಚಿಪ್ಪು ಬಿದ್ದಾಗ ಮೊದಲು ಹಾರಿಹೋಗುತ್ತದೆ. 2019ರ ಏಪ್ರಿಲ್ ನಂತರ ಮಾರಾಟವಾದ 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕುಗಳನ್ನು ಜೋಡಿಸುವ ಸಿಬಿಎಸ್ ಬಂದಿರುವುದರಿಂದ, ಬಳಸಿದ ಗಾಡಿ ಹುಡುಕುವವರು ಆ ವರ್ಷವನ್ನು ಗಮನಿಸುವುದು ಒಳ್ಳೆಯದು. ಟಯರು ಸವೆದಿದ್ದರೂ ‘ಇನ್ನೆರಡು ತಿಂಗಳು ಓಡಲಿ’ ಎನ್ನುವ ಉಳಿತಾಯ ಮಾತ್ರ ಬೇಡವೇ ಬೇಡ.

ಪ್ರಶ್ನೆ: ನಾನು ಬಿಡದಿ ಕಡೆಯಿಂದ ಬೆಂಗಳೂರಿಗೆ ಬರುತ್ತೇನೆ. ಎಕ್ಸ್‌ಪ್ರೆಸ್‌ವೇ ಬಳಸಬಹುದೇ?

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿಯೇ ಬರಬೇಕು. ದಿನಕ್ಕೆ 60–70 ಕಿ.ಮೀ. ಓಡಿಸಬೇಕಾದವರಿಗೆ ನನ್ನ ಅಭಿಪ್ರಾಯದಲ್ಲಿ ರೈಲಿನ ಮಾಸಿಕ ಪಾಸು ಮೇಲು. ಊರಿನ ನಿಲ್ದಾಣದವರೆಗೆ ಸ್ಕೂಟರ್ ಇಟ್ಟುಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಅಪ್ಪನ ಕಾಲದ ಯೆಜ್ಡಿ ಇದೆ. ಅದನ್ನೇ ಕೆಲಸಕ್ಕೆ ಓಡಿಸಬಹುದೇ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಗಾಡಿಗಳನ್ನು ಮಕ್ಕಳಂತೆ ಸಾಕಿದವರು ರಾಜ್ಯದ ತುಂಬ ಇದ್ದಾರೆ, ಆದ್ದರಿಂದ ಎಚ್ಚರಿಕೆಯಿಂದ ಉತ್ತರಿಸುತ್ತೇನೆ. ಅದು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಬರುವ ದ್ವಾರವೂ ಹೊಗೆ ಹೊರಹೋಗುವ ದ್ವಾರವೂ ಕೆಲ ಕ್ಷಣ ಒಟ್ಟಿಗೆ ತೆರೆದಿರುವುದರಿಂದ, ಒಂದಷ್ಟು ಪೆಟ್ರೋಲ್ ಉರಿಯದೆಯೇ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಎಂಬ ಪುಟ್ಟ ಫೋರ್ ಸ್ಟ್ರೋಕ್ ಬೈಕು ಬಂದ ಮೇಲೆ ಕಚೇರಿಗೆ ಹೋಗುವವರು ಒಬ್ಬೊಬ್ಬರಾಗಿ ಅತ್ತ ಸರಿದದ್ದು ಈ ಕಾರಣಕ್ಕೇ. ಯೆಜ್ಡಿಯ ನೋಂದಣಿ ನವೀಕರಿಸಿ, ಹೊಗೆ ತಪಾಸಣೆಯ ಪತ್ರ ಮಾಡಿಸಿ, ರಬ್ಬರ್ ನಳಿಕೆಗಳನ್ನು ಬದಲಿಸಿ ಭಾನುವಾರ ಬೆಳಗ್ಗೆ ತಟ್ಟೆ ಇಡ್ಲಿ ತಿನ್ನಲು ಬಿಡದಿಗೆ ಹೋಗಿಬನ್ನಿ, ಸರ್ವಿಸ್ ರಸ್ತೆಯಲ್ಲಿ. ಸೋಮವಾರಕ್ಕೆ ಬೇರೆ ಗಾಡಿ ನೋಡಿ.